ಎರಡು ಫ್ಯಾನು, ಅರ್ಧ ವೇಗ

ರಾಯಚೂರು ಸೀಮೆಯ ಬೇಸಿಗೆಯನ್ನು ಯಾರೂ ಹೊಸದಾಗಿ ವರ್ಣಿಸಬೇಕಿಲ್ಲ. ಬಿಸಿಲು 40 ಡಿಗ್ರಿ ದಾಟುವ ಹೊತ್ತಿಗೇ ಮದುವೆಗಳ ಸುಗ್ಗಿಯೂ ಬರುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರುಗಳ ಫೋಟೊ ಸ್ಟುಡಿಯೊಗಳಿಗೆ ಅದು ವಿಡಿಯೊ ಎಡಿಟಿಂಗ್ ಕಾಲ. ಗಂಟೆಗಟ್ಟಲೆ ದುಡಿಯುವ ಕಂಪ್ಯೂಟರ್ ಕಾಯುತ್ತದೆ, ಅದರ ಫ್ಯಾನು ಊಳಿಡುತ್ತದೆ. ಓಲಗದ ದನಿ ಸರಿಯಾಗಿ ಕೂತಿದೆಯೇ ಎಂದು ಕಿವಿಗೊಟ್ಟವನಿಗೆ ಮೊದಲು ಕೇಳುವುದು ಈ ಫ್ಯಾನೇ. ಇದಕ್ಕೆ ಉಪಾಯವಾಗಿ ನೀರಿನಿಂದ ತಂಪು ಮಾಡುವ ವ್ಯವಸ್ಥೆ ಬಂದಿದೆ. ಪ್ರೊಸೆಸರಿನ ಮೇಲೆ ಕೂರಿಸಿದ ಲೋಹದ ಬಿಲ್ಲೆಯೊಳಗೆ ಹರಿದ ನೀರು ಕಾವನ್ನು ಹೊತ್ತು ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ಅದನ್ನು ಒಪ್ಪಿಸಿ ಹಿಂದಿರುಗುತ್ತದೆ. ಟ್ರ್ಯಾಕ್ಟರಿನ ಮೂತಿಯಲ್ಲಿರುವ ರೇಡಿಯೇಟರನ್ನು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನೀರು ಬಂದ ಮಾತ್ರಕ್ಕೆ ಗದ್ದಲ ಅಡಗುವುದಿಲ್ಲ. ರೇಡಿಯೇಟರಿಗೂ ಫ್ಯಾನು ಬೇಕು. ಅದನ್ನು ಎಷ್ಟು ಹಾಕುತ್ತೇವೆ, ಯಾವ ಮುಖವಾಗಿ ಕೂರಿಸುತ್ತೇವೆ, ಎಷ್ಟು ವೇಗದಲ್ಲಿ ಓಡಿಸುತ್ತೇವೆ ಎಂಬುದರ ಮೇಲೆ ಕೋಣೆಯ ಶಾಂತಿ ನಿಂತಿದೆ.

ಇಲ್ಲೊಂದು ಸೊಗಸಾದ ಲೆಕ್ಕವಿದೆ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ತಳ್ಳುವ ಗಾಳಿಯೂ ಅರ್ಧವಾಗುತ್ತದೆ. ಆದರೆ ಅದು ತಿನ್ನುವ ವಿದ್ಯುತ್ತು ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಬರುತ್ತದೆ. ಸದ್ದು ಸುಮಾರು 15 ಡೆಸಿಬಲ್‌ನಷ್ಟು ಇಳಿಯುತ್ತದೆ. ಈಗ ದೊಡ್ಡ ರೇಡಿಯೇಟರ್ ಹಾಕಿ, ಅದರ ಮೇಲೆ ಅಂಥದೇ ಇನ್ನೊಂದು ಫ್ಯಾನನ್ನು ಪಕ್ಕದಲ್ಲಿ ಕೂರಿಸಿ. ಒಂದೇ ಬಗೆಯ ಎರಡು ಸದ್ದು ಸೇರಿದರೆ ಹೆಚ್ಚುವುದು ಕೇವಲ 3 ಡೆಸಿಬಲ್. ಅಂದರೆ ಗಾಳಿ ಮೊದಲಿನಷ್ಟೇ, ಗದ್ದಲ ಮಾತ್ರ ಸುಮಾರು 12 ಡೆಸಿಬಲ್ ಕಡಿಮೆ. ನಮ್ಮ ಕಿವಿಗೆ 10 ಡೆಸಿಬಲ್ ಇಳಿದರೇ ಸದ್ದು ಅರ್ಧವಾದಂತೆ ತೋರುತ್ತದೆ. 120 ಮಿಲಿಮೀಟರಿನ ಫ್ಯಾನು ಎರಡು ಹಿಡಿಯುವ 240ರ ರೇಡಿಯೇಟರು, ಮೂರು ಹಿಡಿಯುವ 360ರ ರೇಡಿಯೇಟರು ಬಂದದ್ದರ ಹಿಂದೆ ಈ ಲೆಕ್ಕವೂ ಇದೆ. ಒಂದೇ ನಿಯಮ: ಒಂದೇ ರೇಡಿಯೇಟರಿನ ಫ್ಯಾನುಗಳೆಲ್ಲ ಒಂದೇ ದಿಕ್ಕಿಗೆ ಗಾಳಿ ನೂಕಬೇಕು. ಒಂದು ಒಳಗೆ ಎಳೆದು, ಪಕ್ಕದ್ದು ಹೊರಗೆ ತಳ್ಳಿದರೆ ಒಂದರ ಬಿಸಿಯುಸಿರನ್ನು ಇನ್ನೊಂದು ಕುಡಿಯುತ್ತದೆ. ಶ್ರಮ ಎರಡರದು, ಫಲ ಯಾರಿಗೂ ಇಲ್ಲ. ಭತ್ತದ ಸೀಮೆಯ ಧೂಳು ರೆಕ್ಕೆಗಳ ಸಂದಿಗೆ ಕಟ್ಟಿಕೊಳ್ಳದಂತೆ ಆಗಾಗ ಊದಿಸುವುದೂ ಬೇಕು.

ವೇಗವನ್ನು ಯಾವುದಕ್ಕೆ ಜೋಡಿಸುತ್ತೇವೆ ಎಂಬುದೂ ಮುಖ್ಯ. ಪ್ರೊಸೆಸರಿನ ಕಾವು ಕ್ಷಣಕ್ಕೊಮ್ಮೆ ಏರಿಳಿಯುತ್ತದೆ. ಫ್ಯಾನು ಅದನ್ನೇ ನೋಡಿ ಓಡಿದರೆ ಒಂದು ಫೈಲು ತೆರೆದರೂ ಹುಯ್ಯೆಂದು ಏಳುತ್ತದೆ, ಮರುಕ್ಷಣ ಮಲಗುತ್ತದೆ. ಈ ಏರಿಳಿತ ಸತತವಾದ ಸದ್ದಿಗಿಂತ ಹೆಚ್ಚು ಕಾಡುತ್ತದೆ. ನೀರು ಹಾಗಲ್ಲ, ಅದು ನಿಧಾನವಾಗಿ ಕಾಯುತ್ತದೆ. ಅದಕ್ಕೇ ತಿಳಿದವರು ಫ್ಯಾನನ್ನು ನೀರಿನ ಉಷ್ಣತೆಗೆ ಕಟ್ಟುತ್ತಾರೆ. ಇಷ್ಟೆಲ್ಲ ಮಾಡಿದರೂ ಕೋಣೆಯಲ್ಲಿ 40 ಡಿಗ್ರಿ ಇದ್ದರೆ ಈ ನೀರು ಅದಕ್ಕಿಂತ ತಣ್ಣಗಾಗದು. ಆ ಮಿತಿಯನ್ನು ಒಪ್ಪಿಕೊಂಡು ಉಳಿದ ಕಾವನ್ನಷ್ಟೇ ಹೊರಹಾಕುವುದು ವಿವೇಕ.

ಮನೆಯಲ್ಲೂ ಒಬ್ಬರ ದನಿ ಪದೇ ಪದೇ ಏರುತ್ತಿದ್ದರೆ ನಾವು ಅವರ ಸ್ವಭಾವವನ್ನು ದೂರುತ್ತೇವೆ. ಒಲೆ, ನೀರು, ಮಕ್ಕಳ ಓದು, ಮುದುಕರ ಔಷಧಿ, ಬಂದವರ ಚಹಾ ಎಲ್ಲವೂ ಒಬ್ಬ ಅವ್ವನ ತಲೆಯ ಮೇಲಿದ್ದರೆ ಆ ದನಿ ಇನ್ನೆಲ್ಲಿಗೆ ಹೋದೀತು? ‘ಎಷ್ಟು ಒದರ್ತೀ’ ಎನ್ನುವವರು ಸಾಮಾನ್ಯವಾಗಿ ಕುಳಿತೇ ಇರುತ್ತಾರೆ. ಅಲ್ಲಿ ಬೇಕಾಗಿರುವುದು ಉಪದೇಶಕ್ಕಿಂತ ಪಕ್ಕದಲ್ಲಿ ಇನ್ನೊಂದು ಜೊತೆ ಕೈ. ಅದೂ ಅದೇ ದಿಕ್ಕಿಗೆ ದುಡಿಯುವ ಕೈ. ತೊಳೆದ ಪಾತ್ರೆಗೆ ಹೆಸರಿಟ್ಟು ಮತ್ತೆ ತೊಳೆಸುವ ಸಹಾಯ ಯಾರಿಗೂ ಬೇಡ. ನನ್ನಷ್ಟು ಸಣ್ಣ ಕೈಯಿಂದ ಏನಾದೀತು ಎಂಬ ಸಂಕೋಚವೂ ಬೇಡ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಕಂಡ ಅಶೋಕನ ಶಾಸನ ದೊಡ್ಡವರಿಗೆ ಮಾತ್ರ ಶ್ರೇಯಸ್ಸು ದಕ್ಕುತ್ತದೆಂಬ ಎಣಿಕೆಯನ್ನು ತಳ್ಳಿಹಾಕುತ್ತದೆ. ಧರ್ಮದಲ್ಲಿ ತೊಡಗಿದ ಸಾಮಾನ್ಯನಿಗೂ ಅದು ಸಾಧ್ಯವೆನ್ನುತ್ತದೆ. ಗೃಹಸ್ಥರಾದ ನಮಗೆ ಆ ಧರ್ಮ ಬಹಳ ದೂರದಲ್ಲಿಲ್ಲ. ಮನೆಯಲ್ಲಿ ಯಾರ ದನಿ ಏರಿದೆಯೋ ಅವರ ಕೆಲಸಗಳಲ್ಲಿ ಒಂದನ್ನು ಆರಿಸಿ, ‘ಇದು ಇನ್ನು ಮುಂದೆ ನಂದು ಬಿಡು’ ಎಂದು ಹೇಳಿದರೆ ಆಯಿತು. ಹೇಳಿದ ಮೇಲೆ ನಾಳೆಯೂ, ನಾಡಿದ್ದೂ ಅದನ್ನು ಮಾಡಬೇಕು, ಅಷ್ಟೇ.