ಜೀರ್ಣೋದ್ಧಾರಗೊಂಡ ಜಾವಾ ಅದೇ ಜಾವಾವೇ?

ಭಾಗಗಳು ಒಂದೊಂದಾಗಿ ಬದಲಾದ ಮೇಲೂ ವಸ್ತುವೊಂದು ಅದೇ ವಸ್ತುವಾಗಿ ಉಳಿಯುತ್ತದೆಯೇ ಎಂಬುದನ್ನು ಭಾರತೀಯ ದರ್ಶನಗಳು ಬಟ್ಟೆ, ಗಡಿಗೆ, ರಥಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಚರ್ಚಿಸಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿ, ಮುಂದೆ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಹೊರಬಂದ ಮೋಟಾರ್‌ಸೈಕಲ್‌ಗಳನ್ನು ಇಂದಿಗೂ ಓಡಿಸುತ್ತಿರುವವರಿಗೆ ಈ ಪ್ರಶ್ನೆ ಎದುರಾಗುವುದು ಬಹುಮಟ್ಟಿಗೆ ಒಂದು ಪುಟ್ಟ ಡಬ್ಬಿಯ ರೂಪದಲ್ಲಿ, ಅಂದರೆ ವೋಲ್ಟೇಜ್ ರೆಗ್ಯುಲೇಟರಿನ ರೂಪದಲ್ಲಿ.

ಜಾವಾ 250ರಲ್ಲಿ ವಿದ್ಯುತ್ತನ್ನು ಉತ್ಪಾದಿಸುವುದು ಕ್ರ್ಯಾಂಕ್‌ಶಾಫ್ಟಿನ ತುದಿಗೆ ಕೂಡಿಸಿದ 6 ವೋಲ್ಟಿನ ಡೈನಮೊ. ಎಂಜಿನ್ ವೇಗ ಏರಿದಷ್ಟೂ ಅದರ ವೋಲ್ಟೇಜ್ ಏರುವುದರಿಂದ, ತಡೆಯುವವರಿಲ್ಲದಿದ್ದರೆ ಬ್ಯಾಟರಿ ಕುದಿದು ಬಲ್ಬುಗಳು ಸುಟ್ಟುಹೋಗುತ್ತವೆ. ಹಳೆಯ ರೆಗ್ಯುಲೇಟರಿನೊಳಗೆ ತಾಮ್ರದ ತಂತಿ ಸುತ್ತಿದ ಕಬ್ಬಿಣದ ತುಂಡೊಂದಿದ್ದು, ವೋಲ್ಟೇಜ್ ಮಿತಿ ಮುಟ್ಟಿದಾಗ ಅದು ಅಯಸ್ಕಾಂತವಾಗಿ ಪಾಯಿಂಟನ್ನು, ಅಂದರೆ ವಿದ್ಯುತ್ತಿನ ದಾರಿಯನ್ನು ತೆರೆದು ಮುಚ್ಚುವ ಲೋಹದ ತುದಿಯನ್ನು, ಸೆಳೆಯುತ್ತದೆ. ಆಗ ಡೈನಮೊದ ಫೀಲ್ಡ್ ಕಾಯಿಲ್‌ಗೆ, ಎಂದರೆ ಕಾಂತಕ್ಷೇತ್ರವನ್ನು ಹುಟ್ಟಿಸುವ ಸುರುಳಿಗೆ, ಹರಿಯುವ ವಿದ್ಯುತ್ತು ಕುಗ್ಗಿ ವೋಲ್ಟೇಜ್ ಇಳಿಯುತ್ತದೆ, ಇಳಿದೊಡನೆ ಸ್ಪ್ರಿಂಗು ಪಾಯಿಂಟನ್ನು ಮತ್ತೆ ಹಿಂದಕ್ಕೆಳೆಯುತ್ತದೆ. ಪಕ್ಕದಲ್ಲಿರುವ ಕಟ್‌ಔಟ್, ಎಂಜಿನ್ ನಿಂತಾಗ ಅಥವಾ ನಿಧಾನವಾದಾಗ ಬ್ಯಾಟರಿಯ ವಿದ್ಯುತ್ತು ಡೈನಮೊದೊಳಕ್ಕೆ ವಾಪಸು ಹರಿಯದಂತೆ ದಾರಿಯನ್ನು ಕಡಿಯುತ್ತದೆ. ಈ ಪಾಯಿಂಟುಗಳು ಕಿಡಿಯಿಂದ ಸವೆದು, ಸ್ಪ್ರಿಂಗು ಸಡಿಲವಾಗಿ ಚಾರ್ಜಿಂಗ್ ಕೈಕೊಟ್ಟರೆ, ಪ್ಲಗ್ಗಿನ ಕಿಡಿಯೂ ಬ್ಯಾಟರಿಯನ್ನೇ ನಂಬಿರುವುದರಿಂದ, ಕೊನೆಗೆ ಬಂಡಿಯೇ ನಿಂತುಬಿಡುತ್ತದೆ. ಪರಿಹಾರದ ದಾರಿಗಳು ಎರಡು: ಡೈನಮೊವನ್ನು ಹಾಗೆಯೇ ಉಳಿಸಿ, ಚಲಿಸುವ ಪಾಯಿಂಟುಗಳ ಕೆಲಸವನ್ನು ಟ್ರಾನ್ಸಿಸ್ಟರಿಗೂ ಕಟ್‌ಔಟಿನ ಕೆಲಸವನ್ನು ಡಯೋಡಿಗೂ ಒಪ್ಪಿಸುವುದು ಮೊದಲನೆಯದು; ಡೈನಮೊವನ್ನೇ ಕಳಚಿ ಚೆಕ್ ದೇಶದ ವಾಪೆ ಕಂಪನಿಯ 12 ವೋಲ್ಟಿನ ಆಲ್ಟರ್ನೇಟರನ್ನೂ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೂ ಕೂಡಿಸುವುದು ಎರಡನೆಯದು.

ನ್ಯಾಯ-ವೈಶೇಷಿಕರನ್ನು ಕೇಳಿದರೆ ಉತ್ತರ ನಿಷ್ಠುರವಾಗಿಯೇ ಬರುತ್ತದೆ. ಅವಯವಗಳಲ್ಲಿ, ಅಂದರೆ ಬಿಡಿಭಾಗಗಳಲ್ಲಿ, ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುವ ಅವಯವಿ, ಅಂದರೆ ಇಡಿಯಾದ ವಸ್ತು, ಅವಯವಗಳಿಗಿಂತ ಬೇರೆಯಾದ ನಿಜವಾದ ಪದಾರ್ಥ. ಬಟ್ಟೆಯಿಂದ ಒಂದು ನೂಲನ್ನು ಎಳೆದುಹಾಕಿದರೂ ಹಿಂದಿನ ಬಟ್ಟೆ ನಾಶವಾಗಿ, ಉಳಿದ ನೂಲುಗಳಿಂದ ಖಂಡಪಟವೆಂಬ ಹೊಸ ಬಟ್ಟೆ ಹುಟ್ಟುತ್ತದೆ. ಈ ಲೆಕ್ಕದಲ್ಲಿ ರೆಗ್ಯುಲೇಟರಿನ ಒಂದು ಸ್ಕ್ರೂ ಬದಲಾದರೂ ಮೋಟಾರ್‌ಸೈಕಲ್ ಹೊಸದೇ. ಇಡಿಯನ್ನು ಭಾಗಗಳ ಬರಿಯ ರಾಶಿಯೆಂದು ತಳ್ಳಿಹಾಕದಿರುವುದು ಈ ವಾದದ ಬಲವಾದರೂ, ಮಾಲೀಕನು ತನ್ನ ಬಂಡಿಯನ್ನು ದಿನವೂ ಗುರುತಿಸುವ ಅನುಭವಕ್ಕೆ ಅದು ಕೊಡುವ ಬೆಲೆ ಬಹಳ ಕಡಿಮೆ.

ಬೌದ್ಧರ ನಿಲುವು ಇದಕ್ಕಿಂತ ಆಳವಾಗಿ ಇಳಿಯುತ್ತದೆ. ಮಿಲಿಂದಪಞ್ಹದಲ್ಲಿ ನಾಗಸೇನನು ಮಿಲಿಂದ ರಾಜನಿಗೆ ತೋರಿಸಿಕೊಡುವಂತೆ ರಥವೆಂಬುದು ಅಚ್ಚೂ ಅಲ್ಲ, ಗಾಲಿಯೂ ಅಲ್ಲ, ಎಲ್ಲದರ ಗುಂಪೂ ಅಲ್ಲ. ಅವುಗಳನ್ನು ಆಶ್ರಯಿಸಿದ ವ್ಯವಹಾರದ ಹೆಸರು ಮಾತ್ರ. ಕ್ಷಣಿಕವಾದದ ಬೆಳಕಿನಲ್ಲಿ ನೋಡಿದರೆ ಹಳೆಯ ರೆಗ್ಯುಲೇಟರಿನ ಪಾಯಿಂಟು ಪ್ರತಿ ಸಲ ತೆರೆದು ಮುಚ್ಚುವಾಗಲೂ ಲೋಹದ ಒಂದು ಕಣವನ್ನು ಕಳೆದುಕೊಳ್ಳುತ್ತಿದೆ, ಆದ್ದರಿಂದ ಕಾರ್ಖಾನೆಯಿಂದ ಹೊರಬಂದ ದಿನದ ರೆಗ್ಯುಲೇಟರು ಯಾರ ಬಂಡಿಯಲ್ಲೂ ಉಳಿದಿಲ್ಲ. ಅಸಲಿ ಭಾಗವೆಂದು ಯಾವುದನ್ನು ಕಾಪಾಡಲಾಗುತ್ತಿದೆಯೋ ಅದು ಕಾಪಾಡುವವರ ಕಣ್ಣೆದುರಿಗೇ ಸವೆಯುತ್ತಿದೆ. ಕಾರ್ಯವನ್ನುಂಟುಮಾಡುವ ಸಾಮರ್ಥ್ಯವೇ, ಅಂದರೆ ಅರ್ಥಕ್ರಿಯೆಯೇ, ಸತ್ಯವಾದ ವಸ್ತುವಿನ ಲಕ್ಷಣವೆಂದು ಧರ್ಮಕೀರ್ತಿಯು ಹೇಳಿದ್ದನ್ನು ಇಲ್ಲಿಗೆ ತಂದರೆ, ಓಡದೆ ಗಾಜಿನ ಹಿಂದೆ ನಿಂತ ಮೋಟಾರ್‌ಸೈಕಲ್ಲಿಗಿಂತ ಟ್ರಾನ್ಸಿಸ್ಟರಿನ ನೆರವಿನಿಂದ ಓಡುವ ಮೋಟಾರ್‌ಸೈಕಲ್ಲೇ ಹೆಚ್ಚು ಮೋಟಾರ್‌ಸೈಕಲ್ ಎನ್ನಬೇಕಾಗುತ್ತದೆ.

ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆಂಬ ಸಾಂಖ್ಯರ ಸತ್ಕಾರ್ಯವಾದಕ್ಕೂ ಈ ಕ್ಷೇತ್ರದಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಹಳೆಯ ಬ್ರಿಟಿಷ್ ಬೈಕುಗಳ 6 ವೋಲ್ಟಿನ ಲ್ಯೂಕಾಸ್ ಡೈನಮೊಗಳನ್ನು ಒಂದು ಸುತ್ತು ತಂತಿಯನ್ನೂ ಬದಲಿಸದೆ, ಕೇವಲ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಜೋಡಿಸಿ 12 ವೋಲ್ಟಿನಲ್ಲಿ ದುಡಿಸಬಹುದು. ಚಾರ್ಜಿಂಗ್ ಆರಂಭವಾಗಲು ಎಂಜಿನ್ ತುಸು ಹೆಚ್ಚು ವೇಗದಲ್ಲಿ ತಿರುಗಬೇಕಾಗುತ್ತದೆ, ಅಷ್ಟೆ. ಹೊರಗಿನಿಂದ ಬಂದಂತೆ ಕಾಣುವ ಶಕ್ತಿ ಆ ತಾಮ್ರದಲ್ಲಿ ಮೊದಲಿನಿಂದಲೂ ಇತ್ತೆಂದ ಮೇಲೆ, ಇಂಥ ಬದಲಾವಣೆಯನ್ನು ಪರಕೀಯವೆಂದು ದೂರುವುದು ನ್ಯಾಯವಲ್ಲ.

ಡೈನಮೊವನ್ನೇ ಕಿತ್ತುಹಾಕುವ ಎರಡನೆಯ ದಾರಿಗೆ ಈ ಸಮರ್ಥನೆ ಸಾಲದು. ಅಲ್ಲಿ ನೆರವಿಗೆ ಬರುವುದು ಆಗಮಗಳ ಜೀರ್ಣೋದ್ಧಾರ ವಿಧಿ. ಶಿಥಿಲವಾದ ಗುಡಿಯನ್ನು ಸರಿಪಡಿಸುವಾಗ ಮೂರ್ತಿಯ ಶಕ್ತಿಯನ್ನು ಕಲಶದ ನೀರಿಗೆ ಆವಾಹಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆಯನ್ನು ಮುಂದುವರಿಸಿ, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠಾಪಿಸುತ್ತಾರೆ. ಕಲ್ಲು ಬದಲಾದರೂ ದೇವರು ಬೇರೆಯಾಗುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಬದಲಾವಣೆಗೆ ದೊರೆತ ಅನುಮತಿಗಿಂತಲೂ ಅದು ಊರೆಲ್ಲರ ಎದುರಿಗೆ, ಸಂಕಲ್ಪಪೂರ್ವಕವಾಗಿ ನಡೆಯುತ್ತದೆಂಬುದು. ನಿರಂತರತೆ ಕಲ್ಲಿನಲ್ಲಿಲ್ಲ, ಕಡಿಯದೆ ಸಾಗುವ ಪೂಜೆಯಲ್ಲೂ ಎಲ್ಲರೂ ಅರಿತು ಒಪ್ಪಿದ ಹಸ್ತಾಂತರದಲ್ಲೂ ಇದೆ.

ಹೀಗಾಗಿ ಧರ್ಮದ ನಿಜವಾದ ಬಿಕ್ಕಟ್ಟು ತಲೆದೋರುವುದು ಬದಲಾವಣೆಯನ್ನು ಮರೆಮಾಚಿದಾಗ. ಹಳೆಯ ರೆಗ್ಯುಲೇಟರಿನ ಡಬ್ಬಿಯನ್ನು ಬರಿದುಮಾಡಿ, ಅದರೊಳಗೆ ಎಲೆಕ್ಟ್ರಾನಿಕ್ ಹಲಗೆಯನ್ನು ಕೂಡಿಸಿ, ಮುಚ್ಚಳವನ್ನು ಮೊದಲಿನಂತೆಯೇ ಬಿಗಿಯುವುದು ಇಂದು ಸಾಮಾನ್ಯವಾದ ರೂಢಿ. ಬಂಡಿಯ ರೂಪ ಕೆಡದಿರಲೆಂಬ ಪ್ರೀತಿಯಿಂದ ಹಾಗೆ ಮಾಡುವುದರಲ್ಲಿ ದೋಷವಿಲ್ಲ. ಅದೇ ಮುಚ್ಚಳವನ್ನು ತೋರಿಸಿ ಎಲ್ಲವೂ ಅಸಲಿಯೆಂದು ನಂಬಿಸಿ ಮಾರಿದರೆ ಅದು ಅಸತ್ಯ. ನೋಂದಣಿ ಪತ್ರದಲ್ಲಿ ಎಂಜಿನ್ ನಂಬರು, ಚಾಸಿಸ್ ನಂಬರುಗಳಿರುತ್ತವೆಯೇ ಹೊರತು ರೆಗ್ಯುಲೇಟರಿನ ಸುದ್ದಿಯಿರುವುದಿಲ್ಲವಾದ್ದರಿಂದ ಕಾನೂನು ಇದನ್ನು ಹಿಡಿಯಲಾರದು. ಕಳಚಿದ ಹಳೆಯ ಭಾಗವನ್ನು ಎಸೆಯದೆ ತೆಗೆದಿಟ್ಟು, ಏನು ಬದಲಾಯಿತೆಂಬುದನ್ನು ಬರೆದು ಬಂಡಿಯೊಡನೆಯೇ ಮುಂದಿನವರಿಗೆ ಒಪ್ಪಿಸುವ ಹೊಣೆ ಸಂಪೂರ್ಣವಾಗಿ ಮಾಲೀಕನ ಮೇಲೆಯೇ ಬೀಳುತ್ತದೆ.