ಕಣದಲ್ಲೇ ಉಳಿದ ರಾಶಿ

2020ರ ಜೂನ್ ಕೊನೆ. ಜರ್ಮನಿಯ ಬೀಲೆಫೆಲ್ಟ್ ನಗರದ ಕ್ರೀಡಾಂಗಣದಲ್ಲಿ ಲೋಕೊಮೋಟಿವ್ ಲೈಪ್ಸಿಗ್ ಮತ್ತು ಎಸ್‌ಸಿ ಫೆರ್ಲ್ ತಂಡಗಳು ಆಡುತ್ತಿದ್ದವು. ಕೊರೊನಾ ಕಾಲವಾದ್ದರಿಂದ ಕುರ್ಚಿಗಳೆಲ್ಲ ಖಾಲಿ. ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವ ಸದ್ದು, ಚೆಂಡಿಗೆ ಕಾಲು ತಾಗಿದ ಸದ್ದು, ಅಷ್ಟೇ. ಪಂದ್ಯ 1–1ರಲ್ಲಿ ಮುಗಿಯಿತು. ಕೆಲವೇ ದಿನಗಳ ಹಿಂದೆ ಲೈಪ್ಸಿಗ್‌ನಲ್ಲಿ ನಡೆದ ಮೊದಲ ಪಂದ್ಯ 2–2. ಎರಡೂ ಸಮ. ಆದರೆ ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ತೂಕ ಎಂಬ ನಿಯಮವಿತ್ತು. ಲೈಪ್ಸಿಗ್‌ನಲ್ಲಿ ಎರಡು ಗೋಲು ಹೊಡೆದಿದ್ದ ಫೆರ್ಲ್ ಮೂರನೇ ದರ್ಜೆಗೆ ಏರಿತು. ಎರಡರಲ್ಲಿ ಒಂದನ್ನೂ ಸೋಲದ ಲೋಕ್ (ಊರಿನವರು ಕರೆಯುವುದು ಹಾಗೆಯೇ) ನಾಲ್ಕನೇ ದರ್ಜೆಯಲ್ಲೇ ಉಳಿಯಿತು.

ಅದು ತನ್ನ ಲೀಗಿನ ಚಾಂಪಿಯನ್ ತಂಡ. ನನ್ನನ್ನು ಕಾಡುವುದು ಈ ಸಂಗತಿಯೇ. ಗೆದ್ದವರು ಮೇಲೇರುತ್ತಾರೆ, ಸೋತವರು ಇಳಿಯುತ್ತಾರೆ ಎಂಬ ಒಪ್ಪಂದದ ಮೇಲೆಯೇ ಲೀಗ್ ಎಂಬುದು ನಿಂತಿದೆ. ಜರ್ಮನಿಯ ನಾಲ್ಕನೇ ದರ್ಜೆಯಾದ ರೆಗಿಯೊನಾಲ್‌ಲೀಗಾದಲ್ಲಿ ಆ ಒಪ್ಪಂದ ಅರ್ಧಕ್ಕೆ ನಿಂತಿದೆ. 2012ರಿಂದ ಅದು ಐದು ಭಾಗವಾಗಿದೆ: ಉತ್ತರ, ಈಶಾನ್ಯ, ಪಶ್ಚಿಮ, ನೈಋತ್ಯ, ಬವೇರಿಯ. ಚಾಂಪಿಯನ್ನರು ಐವರು, ಮೇಲಿನ ದರ್ಜೆಯಲ್ಲಿ ತೆರವಾಗುವ ಜಾಗ ನಾಲ್ಕು. ಈಗಿನ ಏರ್ಪಾಟಿನಂತೆ ಪಶ್ಚಿಮ ಮತ್ತು ನೈಋತ್ಯದ ಚಾಂಪಿಯನ್ನರಿಗೆ ಪ್ರತಿ ವರ್ಷ ನೇರ ಬಡ್ತಿ. ಉಳಿದ ಮೂರು ಪ್ರದೇಶಗಳಲ್ಲಿ ಒಂದಕ್ಕೆ ಪಾಳಿಯ ಮೇಲೆ ನೇರ ದಾರಿ. ಮಿಕ್ಕ ಇಬ್ಬರು ಚಾಂಪಿಯನ್ನರು ಪರಸ್ಪರ ಎರಡು ಪಂದ್ಯ ಆಡಬೇಕು. ಆಗಸ್ಟಿನ ಬಿಸಿಲು, ನವೆಂಬರಿನ ಕೆಸರು, ಫೆಬ್ರುವರಿಯ ಹಿಮ, ಎಲ್ಲ ಕಂಡು 34 ಪಂದ್ಯ ಆಡಿ ರಾಶಿ ಮಾಡಿದ ಫಸಲು, ಕಣದಿಂದ ಮನೆಗೆ ಹೋಗುವ ದಾರಿಯಲ್ಲಿ ಎರಡೇ ದಿನಗಳಲ್ಲಿ ಕೈಬಿಟ್ಟು ಹೋಗಬಹುದು.

ಲೋಕ್ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ್ದು ಇನ್ನೊಂದಿದೆ. ಆ ವರ್ಷ ಲೀಗ್ ಅರ್ಧಕ್ಕೇ ನಿಂತದ್ದರಿಂದ ಆಡಿದ ಪಂದ್ಯಗಳ ಸರಾಸರಿ ಅಂಕ ನೋಡಿ ಅದನ್ನು ಚಾಂಪಿಯನ್ ಎಂದು ಘೋಷಿಸಿದ್ದರು. ಫೆರ್ಲ್ ಅಂತೂ ತನ್ನ ಲೀಗಿನಲ್ಲಿ ಎರಡನೆಯದು. ಮೊದಲ ಸ್ಥಾನದ ರೋಡಿಂಗ್‌ಹೌಸನ್ ಮೇಲಿನ ದರ್ಜೆಯ ಪರವಾನಗಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಲೆಕ್ಕ ಕೊಟ್ಟದ್ದನ್ನು ಲೆಕ್ಕವೇ ಕಿತ್ತುಕೊಂಡಿತು. ಮರುವರ್ಷ ಯುರೋಪಿನ ಫುಟ್‌ಬಾಲ್ ಒಕ್ಕೂಟ ತನ್ನ ಟೂರ್ನಿಗಳಿಂದ ಆ ‘ಹೊರನೆಲದ ಗೋಲು’ ನಿಯಮವನ್ನೇ ತೆಗೆದುಹಾಕಿತು. 2025ರಲ್ಲಿ ಲೋಕ್ ಮತ್ತೆ ಈಶಾನ್ಯದ ಚಾಂಪಿಯನ್ ಆಯಿತು. ಮತ್ತೆ ಎರಡು ಪಂದ್ಯಗಳ ಪರೀಕ್ಷೆ. ಈ ಸಲ ಹ್ಯಾನೋವರ್ ಪಕ್ಕದ ಹಾವೆಲ್ಸೆ ತಂಡ ಮೇಲಕ್ಕೆ ಹೋಯಿತು.

ಈಶಾನ್ಯದ ಈ ಲೀಗಿನಲ್ಲಿ ಹಳೆಯ ಪೂರ್ವ ಜರ್ಮನಿಯ ದೊಡ್ಡ ಹೆಸರುಗಳೇ ತುಂಬಿವೆ. 1979ರಿಂದ 1988ರವರೆಗೆ ಸತತ ಹತ್ತು ಸಲ ದೇಶದ ಚಾಂಪಿಯನ್ ಆಗಿದ್ದ ಬರ್ಲಿನ್ನಿನ ಬಿಎಫ್‌ಸಿ ಡೈನಮೊ ಇಲ್ಲಿದೆ. 1981ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ಆಡಿದ ಕಾರ್ಲ್ ತ್ಸೈಸ್ ಯೇನಾ ಇಲ್ಲಿದೆ. ಲೋಕ್ ಕೂಡ 1987ರಲ್ಲಿ ಅದೇ ಕಪ್ಪಿನ ಫೈನಲ್ ತಲುಪಿ, ಅಥೆನ್ಸ್‌ನಲ್ಲಿ ಅಯಾಕ್ಸ್ ಎದುರು ಒಂದೇ ಗೋಲಿನಿಂದ ಸೋತಿತ್ತು. ಆ ಸಲದ ಸೆಮಿಫೈನಲ್ ಲೈಪ್ಸಿಗ್‌ನ ಹಿರಿಯರಿಗೆ ಇಂದಿಗೂ ಮಾತಿನ ವಸ್ತು. ಫ್ರಾನ್ಸಿನ ಬೋರ್ಡೊ ಎದುರು ಪಂದ್ಯ ಪೆನಾಲ್ಟಿ ಒದೆತಗಳಿಗೆ ಹೋಯಿತು. ಕೊನೆಗೆ ಚೆಂಡನ್ನು ಗುರುತಿನ ಮೇಲೆ ಇಟ್ಟವನು ಗೋಲ್‌ಕೀಪರ್ ರೆನೆ ಮ್ಯುಲರ್. ಅಷ್ಟು ಹೊತ್ತು ಚೆಂಡು ತಡೆಯಲು ನಿಂತಿದ್ದ ಕೈಗವಸಿನ ಮನುಷ್ಯ ತಾನೇ ಒದ್ದು ಬಲೆಗೆ ಸೇರಿಸಿದ.

ನಂತರ ಬರ್ಲಿನ್ ಗೋಡೆ ಬಿತ್ತು. 1991ರಲ್ಲಿ ಎರಡು ದೇಶಗಳ ಲೀಗುಗಳು ಒಂದಾದಾಗ ಅಗ್ರ ದರ್ಜೆಯಲ್ಲಿ ಪೂರ್ವದ ಎರಡೇ ತಂಡಗಳಿಗೆ ಜಾಗ ಸಿಕ್ಕಿತು: ಹನ್ಸಾ ರೋಸ್ಟಾಕ್, ಡೈನಮೊ ಡ್ರೆಸ್ಡನ್. ತಂಡಗಳನ್ನು ಸಾಕುತ್ತಿದ್ದ ಕಾರ್ಖಾನೆಗಳು ಮುಚ್ಚಿದವು, ಒಳ್ಳೆಯ ಆಟಗಾರರು ಪಶ್ಚಿಮಕ್ಕೆ ಹೋದರು, ಅವರ ಹಿಂದೆ ಎಷ್ಟೋ ಮನೆಯ ಮಕ್ಕಳೂ ಕೆಲಸ ಹುಡುಕಿಕೊಂಡು ಹೋದರು. ಆದ್ದರಿಂದ ‘ಗೆದ್ದರೂ ನಿಮಗೆ ಜಾಗವಿಲ್ಲ’ ಎಂಬ ಮಾತು ಅಲ್ಲಿನ ಕಿವಿಗೆ ಬರೀ ಆಟದ ನಿಯಮವಾಗಿ ಕೇಳುವುದಿಲ್ಲ. ಹಳೆಯ ಗಾಯದ ಮೇಲೆ ಮತ್ತೆ ಕೈ ಇಟ್ಟ ಹಾಗೆ ಕೇಳುತ್ತದೆ.

ಆದರೆ ‘ಕೆಳ ದರ್ಜೆ’ ಎಂಬುದು ಯಾರಿಗೆ ಕೆಳಗೆ? ಲೈಪ್ಸಿಗ್‌ನ ಪ್ರೋಬ್ಸ್ಟ್‌ಹೈಡಾದಲ್ಲಿ ಲೋಕ್ ಆಡುವ ಮೈದಾನ 1922ರದು, ಅಲ್ಲಿ ಇನ್ನೂ ಹಳೆಯ ಮರದ ಗ್ಯಾಲರಿ ಇದೆ. ಅದರ ಸೂರಿನಡಿ ಒಬ್ಬ ಅಜ್ಜ, ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗ ಕೂತಿದ್ದಾರೆ ಎಂದುಕೊಳ್ಳಿ. ಇಬ್ಬರ ಕೊರಳಿಗೂ ಅದೇ ನೀಲಿ–ಹಳದಿ ಮಫ್ಲರ್. ಅಜ್ಜನಿಗೆ ಕಣ್ಣೆದುರಿನ ಪ್ರತಿ ಪಾಸಿನ ಹಿಂದೆ ಅಥೆನ್ಸ್ ಇದೆ, ಆದ್ದರಿಂದ ಅವನ ಪಾಲಿಗೆ ಇದು ಕೆಳಗೆ. ಹುಡುಗನಿಗೆ ಅಥೆನ್ಸ್ ಗೊತ್ತಿಲ್ಲ. ಅವನ ಮಟ್ಟಿಗೆ ಫುಟ್‌ಬಾಲ್ ಎಂದರೆ ಇದೇ ಹುಲ್ಲು, ಇದೇ ಮರದ ವಾಸನೆ, ಈ ಹನ್ನೊಂದು ಜನ. ಕೆಳಗೆ ಎಂಬುದು ಮೇಲಿನದನ್ನು ನೆನಪಿಟ್ಟವನಿಗೆ ಮಾತ್ರ. ಹಾಗಂತ ಅಜ್ಜ ನೆನಪನ್ನು ಬಿಟ್ಟುಕೊಡಬೇಕೆಂದು ನನಗೆ ಅನ್ನಿಸುವುದಿಲ್ಲ. ಅವನು ಬಿಟ್ಟುಕೊಟ್ಟರೆ ಹುಡುಗನ ಕೊರಳಿನ ಮಫ್ಲರ್ ಬರೀ ಬಟ್ಟೆಯಾಗುತ್ತದೆ.

ಇಂಥಲ್ಲಿ ನಮ್ಮ ನಾಲಿಗೆಗೆ ಸಿದ್ಧವಾಗಿ ಬರುವ ಸಮಾಧಾನ ಒಂದಿದೆ: ಫಲದ ಚಿಂತೆ ಬಿಡು, ಆಡುವುದಷ್ಟೇ ನಿನ್ನದು. ಅದನ್ನು ಈ ಜನರಿಗೆ ಹೇಳಲು ನನಗೆ ಮನಸ್ಸು ಬಾರದು. ಅವರು ಫಲವನ್ನು ಬಿಟ್ಟವರಲ್ಲ. ‘ಚಾಂಪಿಯನ್ನರು ಮೇಲೇರಲೇಬೇಕು’ ಎಂದು ಬಟ್ಟೆಯ ಮೇಲೆ ಬರೆದು ಬೇಲಿಗೆ ಕಟ್ಟಿದವರು. ಬೇಕು ಎನ್ನುತ್ತಾರೆ, ಸಿಗದೆ ಹೋದರೆ ಅಳುತ್ತಾರೆ, ನಿಯಮ ಬದಲಿಸಿ ಎಂದು ಒಕ್ಕೂಟದ ಬಾಗಿಲು ತಟ್ಟುತ್ತಾರೆ. ಇಷ್ಟೆಲ್ಲ ಆದ ಮೇಲೆ ಜುಲೈಯಲ್ಲಿ ಮತ್ತೆ ಟಿಕೆಟಿನ ಸಾಲಿನಲ್ಲಿ ನಿಲ್ಲುತ್ತಾರೆ. ಹಂಬಲ ಬಿಟ್ಟವನು ಮರಳಿ ಬರುವುದು ಸುಲಭ, ಅವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಹಂಬಲವನ್ನು ಪೂರ್ತಿ ಇಟ್ಟುಕೊಂಡೇ ಮರಳಿ ಬರುವವನ ನಿಷ್ಠೆ ಬೇರೆ ಬಗೆಯದು. ಅದಕ್ಕೆ ನಮ್ಮಲ್ಲಿ ಹೆಸರಿದೆಯೇ ಎಂದು ಹುಡುಕುತ್ತಿದ್ದೇನೆ. ವೈರಾಗ್ಯವಂತೂ ಅಲ್ಲ. ಆಸೆ ಎಂದರೆ ಸಾಲದು.

ಉತ್ತರದ ಹತ್ತಿರ ನನ್ನನ್ನು ಒಯ್ಯುವುದು 2004ರ ಒಂದು ಶನಿವಾರ. ಅದಕ್ಕೆ ಮುಂಚಿನ ಚಳಿಗಾಲದಲ್ಲಿ, ಹಳೆಯ ಕ್ಲಬ್ಬು ದಿವಾಳಿಯಾಗುತ್ತಿದ್ದಾಗ, ಅಭಿಮಾನಿಗಳೇ ಸೇರಿ ಲೋಕ್ ಹೆಸರಿನಲ್ಲಿ ಹೊಸ ಕ್ಲಬ್ಬು ಕಟ್ಟಿದ್ದರು. ಹೊಸದಾದ್ದರಿಂದ ಶುರು ಮಾಡಬೇಕಾದ್ದು ತೀರ ತಳದಿಂದ, ಹನ್ನೊಂದನೇ ದರ್ಜೆಯಿಂದ. ಅಲ್ಲಿ ಎದುರಾಳಿಗಳು ಸುತ್ತಲ ಹಳ್ಳಿ–ಬಡಾವಣೆಗಳ ತಂಡಗಳು. ಅಕ್ಟೋಬರ್ 9ರಂದು ಒಂದು ಪಂದ್ಯವನ್ನು ನಗರದ ದೊಡ್ಡ ಕ್ರೀಡಾಂಗಣವಾದ ತ್ಸೆಂಟ್ರಾಲ್‌ಸ್ಟಾಡಿಯೋನ್‌ನಲ್ಲಿ ಇಟ್ಟರು. ಮ್ಯುಲರ್ ಚೆಂಡು ಒದ್ದದ್ದು ಅದೇ ಜಾಗದಲ್ಲಿ. ಅವತ್ತು 12,421 ಜನ ಬಂದರು. ಮೇಲೇರುವ ದಾರಿ ಕಣ್ಣಿಗೆ ಕಾಣದಷ್ಟು ಉದ್ದವಿತ್ತು. ಆದರೂ ಅದು ಶುರುವಾಗುವ ಕಡೆ ತಾವು ಇರಬೇಕು ಎಂದು ಅವರಿಗೆ ಅನ್ನಿಸಿತ್ತು.

ಆ ದಿನವನ್ನು ನೆನೆಯುವಾಗ ನಾನು ಲೋಕ್‌ಗಿಂತ ಹೆಚ್ಚಾಗಿ ಎದುರಾಳಿಯನ್ನು ಯೋಚಿಸುತ್ತೇನೆ. ಲೈಪ್ಸಿಗ್ ದಕ್ಷಿಣಕ್ಕಿರುವ ಗ್ರೋಸ್‌ಡೋಯ್ಬೆನ್ ಎಂಬ ಸಣ್ಣ ಊರಿನ ತಂಡ ಅದು. ಅದರಲ್ಲೂ ಅವರ ಎರಡನೇ ತಂಡ, ಮೊದಲ ತಂಡಕ್ಕೆ ಆಯ್ಕೆಯಾಗದವರು ಆಡುವುದು. ಮನೆಮಂದಿ, ಗೆಳೆಯರಷ್ಟೇ ಬೇಲಿಯ ಬದಿಗೆ ನಿಂತು ನೋಡುವಂಥ ಪಂದ್ಯಗಳು ಅವರವು. ಆ ಶನಿವಾರ ಅವರು ಬೂಟಿನ ಲಾಡಿ ಬಿಗಿದುಕೊಂಡು ಸುರಂಗದಿಂದ ಬೆಳಕಿಗೆ ಬಂದು ತಲೆ ಎತ್ತಿದರು.