ಇಂದಿನ ಧಮ್ಮ ಚಿಂತನೆ: ದೊಡ್ಡಪ್ಪನ ಹಲಗೆ





ಕಳೆದ ಭಾನುವಾರ ಹೊಸಪೇಟೆಯಲ್ಲಿ ವಂದನೆ ಮುಗಿದು ಚಹಾ ಕುಡಿಯುವಾಗ ನಮ್ಮ ಬಳಗದ ಒಬ್ಬ ತಂಗಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಸರ್, ನಿಮ್ಮ ದೊಡ್ಡಪ್ಪರ ಕೈ ನಡುಗೋದು ಊರಮ್ಮನ ಶಾಪ ಅಂತ ಮಂದಿ ಮಾತಾಡ್ತಾರ. ಅವರಿಗೆ ಏನಂತ ಹೇಳಬೇಕು?" ನಿಂತಲ್ಲೇ ಎರಡು ಮಾತು ಹೇಳಿದೆ. ಅಷ್ಟು ಸಾಲದು ಅನ್ನಿಸಿತು. ಇವತ್ತು ಏಪ್ರಿಲ್ 11, ವಿಶ್ವ ಪಾರ್ಕಿನ್ಸನ್ ದಿನ. ಇನ್ನು ಮೂರು ದಿನಕ್ಕೆ ಬಾಬಾಸಾಹೇಬರ ಜಯಂತಿ. ಹಾಗಾಗಿ ಆ ತಂಗಿಗೆ ಕೊಡಬೇಕಾದ ಉತ್ತರವನ್ನು ಇವತ್ತು ಎಲ್ಲರಿಗೂ ಬರೆಯುತ್ತಿದ್ದೇನೆ.

ದೊಡ್ಡಪ್ಪನಿಗೆ ಈಗ 71. ಕಂಪ್ಲಿ ಹತ್ತಿರದ ಹಳ್ಳಿ. ಹತ್ತನೇ ವಯಸ್ಸಿಗೆ ಹಲಗೆ ಹಿಡಿದವರು. ಗದ್ದೆ ಕೆಲಸ ಇಲ್ಲದ ವರ್ಷಗಳಲ್ಲಿ ಸಂಡೂರಿನ ಗಣಿಗೆ ಕೂಲಿಗೆ ಹೋಗಿದ್ದರು. ಆದರೆ ಊರಿನಲ್ಲಿ ಸಾವಾದರೆ, ಜಾತ್ರೆಯಾದರೆ, ಡಂಗುರ ಸಾರಬೇಕಾದರೆ ಎಲ್ಲಿದ್ದರೂ ಬರಬೇಕಿತ್ತು. ಊರಮ್ಮನ ಮುಂದೆ ರಾತ್ರಿಯಿಡೀ ಬಾರಿಸಬೇಕು, ಗುಡಿಯ ಮೆಟ್ಟಿಲು ಮಾತ್ರ ಹತ್ತುವಂತಿಲ್ಲ. ಕೂಲಿ ಅಂತ ಕೊಡುತ್ತಿದ್ದದ್ದು ಒಂದಿಷ್ಟು ಕಾಳು, ಉಳಿದ ಅನ್ನ.

ನಮ್ಮ ಮನೆತನ ತ್ರಿಶರಣ, ಪಂಚಶೀಲ ಸ್ವೀಕರಿಸಿದ ವರ್ಷ ಅವರು ಊರ ಹಿರಿಯರ ಮುಂದೆ ನಿಂತು, "ಇನ್ನ ಮ್ಯಾಲೆ ನಾ ಬರಂಗಿಲ್ಲ" ಎಂದು ಹೇಳಿ ಬಂದರು. ಆಮೇಲೆ ಅದೇ ಹಲಗೆಯನ್ನು ಏಪ್ರಿಲ್ 14ರ ಮೆರವಣಿಗೆಯಲ್ಲಿ ಬಾರಿಸಿದರು. ಒಂದು ಸಲ ತಂಡದ ಜೊತೆ ಹಂಪಿ ಉತ್ಸವಕ್ಕೂ ಹೋಗಿ ಬಂದರು.

ಆರು ವರ್ಷದ ಹಿಂದೆ ಎಡಗೈ ಕೈಕೊಡತೊಡಗಿತು. ಬಲಗೈಯ ದಪ್ಪ ಕೋಲು ಸರಿಯಾಗಿ ಬೀಳುತ್ತಿತ್ತು. ಎಡಗೈಯ ತೆಳು ಕಡ್ಡಿ ಎಬ್ಬಿಸಬೇಕಾದ ಸಣ್ಣ ಸಣ್ಣ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ನಡೆಯುವಾಗ ಆ ಕೈ ಬೀಸುತ್ತಿರಲಿಲ್ಲ. ಸಹಿ ದಿನದಿನಕ್ಕೆ ಚಿಕ್ಕದಾಯಿತು. ಸುಮ್ಮನೆ ಕೂತಾಗ ಬೆರಳು ಮಾತ್ರೆ ಉರುಳಿಸಿದಂತೆ ನಡುಗುತ್ತಿತ್ತು. ಊರಿಗೆ ಇಷ್ಟೇ ಸಾಕಾಯಿತು: "ಅಮ್ಮಗ ಬಾರಿಸೋದು ಬಿಟ್ಟ, ಅಮ್ಮ ಕೈ ತಗೊಂಡ್ಲು."

ಬಂಧುಗಳೇ, ಹೊರಗಿನವರು ಅಂದದ್ದು ದೊಡ್ಡ ಮಾತಲ್ಲ. ನಮ್ಮ ದೊಡ್ಡಮ್ಮ ಯಾರಿಗೂ ಹೇಳದೆ ಹರಕೆ ಕಟ್ಟಿದ್ದರು. ಒಂದು ರಾತ್ರಿ ದೊಡ್ಡಪ್ಪನೇ ನನ್ನನ್ನು ಕೇಳಿದರು: "ತಮ್ಮಾ, ಖರೇ ಏನಾರ ಇರಬಹುದೇನು?" ಹತ್ತಾರು ವರ್ಷದ ಹಿಂದೆ ಊರನ್ನೇ ಎದುರಿಸಿದ ಮನುಷ್ಯ ಆ ಮಾತು ಕೇಳಿದಾಗ ನನಗೆ ಅರ್ಥವಾಯಿತು, ದೀಕ್ಷೆ ಒಂದು ದಿನದಲ್ಲಿ ಮುಗಿಯುವುದಿಲ್ಲ. ಭಯ ಬಂದ ದಿನ ಅದನ್ನು ಮತ್ತೆ ತೆಗೆದುಕೊಳ್ಳಬೇಕು.

ಹೊಸಪೇಟೆಯಲ್ಲಿ ನರರೋಗದ ವೈದ್ಯರಿಗೆ ತೋರಿಸಿದೆವು. ಅವರು ಹೇಳಿದ್ದು ಇಷ್ಟು. ಮೆದುಳಿನ ಒಳಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕಣಗಳಿವೆ. ನಮ್ಮ ಚಲನೆ ಸರಾಗವಾಗಿ ಆಗಲು ಅದು ಬೇಕು. ಆ ಕಣಗಳು ಒಂದೊಂದಾಗಿ ಸಾಯುತ್ತಾ ಹೋದರೆ ನಡುಕ, ಬಿಗಿತ, ನಿಧಾನ ಬರುತ್ತವೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ಬರೆದಿಟ್ಟರು. ಅವರ ಹುಟ್ಟಿದ ದಿನವೇ ಈ ಏಪ್ರಿಲ್ 11. ಕ್ರಿಮಿನಾಶಕ ಹೊಡೆಯುತ್ತಿದ್ದಿರಾ, ಮ್ಯಾಂಗನೀಸ್ ಗಣಿಯಲ್ಲಿ ಕೆಲಸ ಮಾಡಿದ್ದಿರಾ ಎಂದೂ ಕೇಳಿದರು. ಕೆಲವು ಕ್ರಿಮಿನಾಶಕಗಳಿಗೂ ಈ ಕಾಯಿಲೆಗೂ ನಂಟು ಕಂಡಿದೆಯಂತೆ. ಮ್ಯಾಂಗನೀಸ್ ದೂಳು ಬಹುಕಾಲ ಒಳಗೆ ಹೋದರೆ ಇಂಥದೇ ತೊಂದರೆ ಬರಬಹುದಂತೆ. ಒಬ್ಬ ಮನುಷ್ಯನಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು ಎಂದೂ ಅವರೇ ಹೇಳಿದರು.

ಗಮನಿಸಿ. ವೈದ್ಯರು ಕೆಲಸ ಕೇಳಿದರು, ದೂಳು ಕೇಳಿದರು, ಔಷಧ ಕೇಳಿದರು. ಪಾಪ ಏನು ಮಾಡಿದ್ದೆ ಎಂದು ಕೇಳಲಿಲ್ಲ. ಇದಿದ್ದರೆ ಅದಾಗುತ್ತದೆ, ಇದಿಲ್ಲದಿದ್ದರೆ ಅದಾಗದು ಎಂದು ತಥಾಗತರು ಕಲಿಸಿದ ದಾರಿ ಇದೇ. ಊರಮ್ಮನಿಗೆ ಜೀವನಪೂರ್ತಿ ಕೈ ಮುಗಿದವರಿಗೂ ಈ ಕಾಯಿಲೆ ಬರುತ್ತದೆ. ತಂಗಿ, ನಿನ್ನ ಪ್ರಶ್ನೆಯ ಮೊದಲ ಉತ್ತರ ಇದು.

ಎರಡನೆಯದು ಹೆಚ್ಚು ಕಷ್ಟದ್ದು. ಶಾಪ ಅಲ್ಲ ಎಂದು ಗೊತ್ತಾದ ಮೇಲೆ ಆ ಕೈಯನ್ನು ಏನು ಮಾಡುವುದು?

ದೊಡ್ಡಪ್ಪ ಮೊದಲು ಹಟಕ್ಕೆ ಬಿದ್ದರು. ರಾತ್ರಿ ಹನ್ನೊಂದರವರೆಗೆ ಬಾರಿಸಿದರು. ಜಯಂತಿಗೆ ಕೈ ಚುರುಕಾಗಲಿ ಎಂದು ಲೆವೊಡೋಪ ಮಾತ್ರೆಯನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಿದರು. ಕೈ ಕೇಳಲಿಲ್ಲ, ತನ್ನಷ್ಟಕ್ಕೆ ತಾನೇ ಹೊರಳಾಡತೊಡಗಿತು. ವೈದ್ಯರು ಬೈದರು.

ಆಮೇಲೆ ನಾನು ತಪ್ಪು ಮಾಡಿದೆ. ಪ್ರೀತಿ ಎಂದುಕೊಂಡು ಹಲಗೆಯನ್ನು ತೆಗೆದು ಅಟ್ಟಕ್ಕೆ ಹಾಕಿದೆ. ಜಯಂತಿಯ ದಿನ ಅವರನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದೆವು. ಕೆಳಗೆ ಹುಡುಗರು ಬಾರಿಸುತ್ತಿದ್ದರು. ಅವರು ಶಾಲಿನೊಳಗೆ ಎಡಗೈ ಬಚ್ಚಿಟ್ಟುಕೊಂಡು ಕೂತಿದ್ದರು. ಮೂರೇ ತಿಂಗಳಲ್ಲಿ ಮನುಷ್ಯ ಕುಗ್ಗಿಹೋದರು. ಹೊಸ್ತಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು.

ಸೋಣ ಸುತ್ತವನ್ನು ನಮ್ಮ ಬಳಗದಲ್ಲಿ ಓದಿದ್ದೇವೆ. ಸೋಣ ಶ್ರೀಮಂತರ ಮಗ, ಮೆತ್ತನೆಯ ಪಾದದವನು. ಭಿಕ್ಖುವಾದ ಮೇಲೆ ಪಾದ ಒಡೆದು ರಕ್ತ ಸುರಿಯುವವರೆಗೆ ನಡೆದು ಸಾಧನೆ ಮಾಡಿದ. ಫಲ ಕಾಣದೆ, ಮನೆಗೆ ಮರಳಿಬಿಡೋಣ ಅಂದುಕೊಂಡ. ತಥಾಗತರು ಅವನನ್ನು ಬೈಯಲಿಲ್ಲ. ಅವನಿಗೆ ಗೊತ್ತಿದ್ದ ವೀಣೆಯ ಬಗ್ಗೆಯೇ ಕೇಳಿದರು. ತಂತಿ ತೀರಾ ಬಿಗಿಯಾದರೆ ನುಡಿಯುತ್ತದೆಯೇ? ಇಲ್ಲ. ತೀರಾ ಸಡಿಲವಾದರೆ? ಆಗಲೂ ಇಲ್ಲ. ಪ್ರಯತ್ನವೂ ಹಾಗೆಯೇ ಎಂದರು. ಈ ಸುತ್ತವನ್ನು ನಾನೇ ಎರಡು ಸಲ ಓದಿ ವಿವರಿಸಿದ್ದೆ. ದೊಡ್ಡಪ್ಪ ಬಿಗಿ ಮಾಡಿದ ತಂತಿಯನ್ನು ನಾನು ಪೂರ್ತಿ ಸಡಿಲ ಬಿಟ್ಟಿದ್ದೇನೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದವಳು ಅವರ ಮೊಮ್ಮಗಳು, ಆರನೇ ತರಗತಿ. ಕಾಲು ನಿಂತಾಗ ತಾಳ ಹಾಕಿ ಎಂದು ಫಿಸಿಯೋಥೆರಪಿಯವರು ಹೇಳಿದ್ದು ಅವಳಿಗೆ ನೆನಪಿತ್ತು. ಒಂದು ದಿನ ಅಜ್ಜ ಹೊಸ್ತಿಲಲ್ಲಿ ನಿಂತುಬಿಟ್ಟಾಗ ಸ್ಟೀಲ್ ತಟ್ಟೆಯ ಮೇಲೆ ಚಮಚದಿಂದ ಹಲಗೆಯ ಗತ್ತು ಬಡಿದಳು. ಪಾದ ಎದ್ದಿತು, ಹೊಸ್ತಿಲು ದಾಟಿತು. ಇದು ಪವಾಡವಲ್ಲ. ತಾನಾಗಿ ಹೆಜ್ಜೆ ಶುರು ಮಾಡುವ ದಾರಿ ಮೆದುಳಿನಲ್ಲಿ ಮಂಕಾದಾಗ, ಹೊರಗಿನಿಂದ ಕಿವಿಗೆ ಬೀಳುವ ತಾಳ ಬೇರೆ ದಾರಿಯಲ್ಲಿ ಹೆಜ್ಜೆಯನ್ನು ಎಬ್ಬಿಸಬಲ್ಲದು. ಬೇರೆ ದೇಶಗಳಲ್ಲೂ ಇದನ್ನು ಚಿಕಿತ್ಸೆಯ ಭಾಗವಾಗಿ ಬಳಸುತ್ತಾರೆ. ಅವತ್ತು ದೊಡ್ಡಪ್ಪ ಅಟ್ಟದ ಕಡೆ ನೋಡಿ ಹೇಳಿದರು: "ನಂದು ನನಗ ಕೊಡು, ತಮ್ಮಾ."

ಈಗ ಅವರ ಕ್ರಮ ಹೀಗಿದೆ. ವೈದ್ಯರು ಹೇಳಿದಂತೆ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ. ಮಾತ್ರೆ ಹಿಡಿದ ಮೇಲೆ ಇಪ್ಪತ್ತು ನಿಮಿಷ ಹಲಗೆ. ಹೆಗಲಿಗೆ ಹಾಕಿಕೊಳ್ಳುವುದಿಲ್ಲ, ಸ್ಟೂಲಿಗೆ ಒರಗಿಸಿಕೊಂಡು ಕೂತೇ ಬಾರಿಸುತ್ತಾರೆ. ಎಡಗೈಯ ಕಡ್ಡಿ ಜಾರದಂತೆ ಬಟ್ಟೆ ಸುತ್ತಿದ್ದಾರೆ. ಹಳೆಯ ವೇಗದ ಗತ್ತುಗಳನ್ನು ಬಿಟ್ಟಿದ್ದಾರೆ, ನಿಧಾನದವನ್ನು ಉಳಿಸಿಕೊಂಡಿದ್ದಾರೆ. ದಣಿವಾದರೆ ನಿಲ್ಲಿಸುತ್ತಾರೆ. ಮರುದಿನ ಮತ್ತೆ ಕೂರುತ್ತಾರೆ.

ಕಾಯಿಲೆ ವಾಸಿಯಾಗಿಲ್ಲ. ಆಗುವುದೂ ಇಲ್ಲ. ಮುಂದಿನ ವರ್ಷ ಇಪ್ಪತ್ತು ನಿಮಿಷ ಹತ್ತಾಗಬಹುದು. ಅನಿತ್ಯ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದೆ, ಅವರು ದಿನಾ ಎಡಗೈಯಲ್ಲಿ ನೋಡುತ್ತಾರೆ. 2025ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ, ಪಾರ್ಕಿನ್ಸನ್ ಇರುವ ಒಬ್ಬ ಮಹಿಳೆ ಮೆದುಳಿನ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಕ್ಲಾರಿನೆಟ್ ನುಡಿಸಿದ ಸುದ್ದಿ ಓದಿ ಹೇಳಿದೆ. ಮೆದುಳಿಗೆ ಸಣ್ಣ ವಿದ್ಯುತ್ ಕೊಟ್ಟಾಗ ಅವರ ಬೆರಳು ಸಡಿಲವಾದವು. ದೊಡ್ಡಪ್ಪ ನಕ್ಕರು: "ಆಕೀನೂ ಬಿಡಲಿಲ್ಲ ನೋಡು." ಬಾಬಾಸಾಹೇಬರೂ ಓದು, ಬರಹ, ಹೋರಾಟಗಳ ನಡುವೆ ಪಿಟೀಲು ಕಲಿಯಲು ಕೂತವರು ಎಂದು ನೆನಪಿಸಿದೆ. ಅದನ್ನು ಕೇಳಿ ಸುಮ್ಮನೆ ಕೈ ಮುಗಿದರು.

ನಮ್ಮ ಬಳಗದಲ್ಲೇ ಕೆಲವರು ಕೇಳಿದ್ದುಂಟು: ಹಲಗೆ ಗುಲಾಮಗಿರಿಯ ಗುರುತು, ಅದು ಮತ್ತೆ ಯಾಕೆ? ಕೇಳಬೇಕಾದ ಪ್ರಶ್ನೆಯೇ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದದ್ದು ನಮ್ಮ ಮಾನಕ್ಕಾಗಿ. ದೊಡ್ಡಪ್ಪ ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ನಾ ಹಲಗಿ ಬಿಡಲಿಲ್ಲ. ಅವರು ಕರದಾಗ ಹೋಗೋದನ್ನ ಬಿಟ್ಟೆ." ಊರಿಗಾಗಿ ಅಷ್ಟು ವರ್ಷ ದುಡಿದ ಆ ತಾಳ ಈಗ ಅವರ ಕಾಲನ್ನೇ ನಡೆಸುತ್ತಿದೆ.

ಕಂಪ್ಲಿಯ ಪಕ್ಕದ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಂ ಬಂಡೆಗಳ ಮೇಲೆ ಸಾಮ್ರಾಟ ಅಶೋಕನ ಶಾಸನಗಳಿವೆ. ಧಮ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಪ್ರಯತ್ನ ಮಾಡಿದರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅವುಗಳ ಸಾರ. ನಮ್ಮ ನೆಲದಲ್ಲೇ, ನಮಗಾಗಿಯೇ ಕೊರೆದಂತಿದೆ.

ಇವತ್ತು ಮೂರು ಕೆಲಸ ಮಾಡೋಣ. ಯಾರ ಕಾಯಿಲೆಗೂ ಶಾಪದ ಹೆಸರು ಇಡುವುದು ಬೇಡ. ಕೈ ನಡುಗುವವರು ನಮ್ಮ ಕೇರಿಯಲ್ಲಿದ್ದರೆ ಮಂತ್ರಿಸಿದ ದಾರ ಕಟ್ಟಿಸುವ ಮೊದಲು ವೈದ್ಯರ ಹತ್ತಿರ ಕರೆದೊಯ್ಯೋಣ, ಮಾತ್ರೆಯನ್ನು ನಾವೇ ಏರಿಸುವುದು, ಇಳಿಸುವುದು ಬೇಡ. ಅವರ ಕೈಯಲ್ಲಿರುವ ಕೆಲಸವನ್ನು ಕರುಣೆಯ ಹೆಸರಿನಲ್ಲಿ ಕಸಿದುಕೊಳ್ಳುವ ಮುಂಚೆ ಅವರನ್ನೇ ಒಂದು ಮಾತು ಕೇಳೋಣ. ನಾನು ಕೇಳಿರಲಿಲ್ಲ.

14ನೇ ತಾರೀಖು ಬೆಳಿಗ್ಗೆ ಮೆರವಣಿಗೆ ಹೊರಡುವ ಮೊದಲು ದೊಡ್ಡಪ್ಪ ಕೂತು ಐದು ನಿಮಿಷ ಬಾರಿಸುತ್ತಾರೆ. ಶಾಲು ಬೇಡ ಅಂದಿದ್ದಾರೆ. ನಡುವೆ ಪೆಟ್ಟು ತಪ್ಪಿದರೆ ಯಾರೂ ಮುಖ ತಿರುಗಿಸಬೇಡಿ. ಅವರೇ ಹೇಳುತ್ತಾರೆ: "ತಪ್ಪಿದ್ರ ಮುಂದಿನ ಪೆಟ್ಟು ಐತಲ್ಲ."

ಭವತು ಸಬ್ಬ ಮಂಗಲಂ. ಜೈ ಭೀಮ್. 🙏